ಹೌದೋ ಅಲ್ಲವೋ ಹೇಳಲು ಒಂದು ದಿನ ಸಾಕು

2022ರ ಆಗಸ್ಟ್ 26ರಂದು ಅಮೆರಿಕದ ಷೇರುಪೇಟೆ ಬಾಗಿಲು ತೆರೆಯುವ ಮೊದಲೇ ಒಂದು ಸುದ್ದಿ ಹಬ್ಬಿತು. ‘ಫಿಫಾ’, ‘ಬ್ಯಾಟಲ್‌ಫೀಲ್ಡ್’ ಆಟಗಳ ಒಡೆಯನಾದ ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) ಕಂಪನಿಯನ್ನು ಅಮೆಜಾನ್ ಕೊಳ್ಳುತ್ತದಂತೆ, ಪ್ರಕಟಣೆ ಇವತ್ತೇ ಅಂತೆ. ಇಎ ಷೇರು ಒಂದು ಹಂತದಲ್ಲಿ ಶೇ 10ಕ್ಕೂ ಮೀರಿ ಜಿಗಿಯಿತು. ಸ್ವಲ್ಪ ಹೊತ್ತಿಗೆ ಸಿಎನ್‌ಬಿಸಿ ವಾಹಿನಿಯ ವರದಿಗಾರರೊಬ್ಬರು ತಮ್ಮ ಮೂಲಗಳನ್ನು ವಿಚಾರಿಸಿ, ಅಂಥದ್ದೇನೂ ಇಲ್ಲವೆಂದರು. ಏರಿದ್ದು ಬಹುಪಾಲು ಇಳಿಯಿತು. ಅಷ್ಟರೊಳಗೆ ಕೊಂಡವರು ಕೊಂಡಿದ್ದರು, ಮಾರಿದವರು ಮಾರಿಯಾಗಿತ್ತು.

ಮೂರು ವರ್ಷದ ನಂತರ, 2025ರ ಸೆಪ್ಟೆಂಬರ್ 26ರಂದು, ಅದೇ ಕಂಪನಿಯ ಬಗ್ಗೆ ‘ವಾಲ್ ಸ್ಟ್ರೀಟ್ ಜರ್ನಲ್’ ಇನ್ನೊಂದು ಸುದ್ದಿ ಬರೆಯಿತು. ಆ ದಿನ ಷೇರು ಏರಿದ್ದು ಸುಮಾರು ಶೇ 15. ಈ ಸಲ ಸುದ್ದಿ ನಿಜವಾಗಿತ್ತು. ಮೂರನೆಯ ದಿನ ಒಪ್ಪಂದ ಪ್ರಕಟವಾಯಿತು: ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ, ಸಿಲ್ವರ್ ಲೇಕ್ ಮತ್ತು ಜರೇಡ್ ಕುಶ್ನರ್ ಅವರ ಅಫಿನಿಟಿ ಪಾರ್ಟ್‌ನರ್ಸ್ ಸೇರಿ 55 ಶತಕೋಟಿ ಡಾಲರಿಗೆ ಇಎಯನ್ನು ಕೊಳ್ಳುವುದು, ಷೇರೊಂದಕ್ಕೆ 210 ಡಾಲರ್ ಕೊಡುವುದು. ಸುದ್ದಿ ಸೋರುವ ಹಿಂದಿನ ದಿನ ಅದೇ ಷೇರಿನ ಬೆಲೆ 168 ಡಾಲರ್ ಚಿಲ್ಲರೆ ಇತ್ತು.

ಒಂದು ಸುಳ್ಳು, ಇನ್ನೊಂದು ನಿಜ. ಆದರೆ ಸುಳ್ಳನ್ನು ಸುಳ್ಳೆಂದು ಮೊದಲು ಹೇಳಿದ್ದು ಕಂಪನಿಯಲ್ಲ, ನಿಜವನ್ನು ನಿಜವೆಂದು ಮೊದಲು ಹೇಳಿದ್ದೂ ಕಂಪನಿಯಲ್ಲ. ಹೆಸರು ಹೇಳದ ‘ಬಲ್ಲ ಮೂಲಗಳು’ ಎರಡೂ ಸಲ ಆ ಕೆಲಸ ಮಾಡಿದವು. ಸಾವಿರಾರು ಜನರಿಗೆ ಕೆಲಸ ಕೊಟ್ಟಿರುವ, ಕೋಟ್ಯಂತರ ಜನ ಆಡುವ ಆಟಗಳನ್ನು ಮಾಡುವ ಸಂಸ್ಥೆಯೊಂದು ತಾನು ಮಾರಾಟಕ್ಕಿದ್ದೇನೋ ಇಲ್ಲವೋ ಎಂಬುದನ್ನು ಹೇಳುವ ಹೊಣೆಯನ್ನು ಮೂರನೆಯವರಿಗೆ ಬಿಟ್ಟು ಕೂರುವುದನ್ನು ನಾವು ವ್ಯಾಪಾರದ ಸಹಜ ರೀತಿ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಅದನ್ನು ಒಪ್ಪಬೇಕಾಗಿಲ್ಲ. ಈ ಮೌನವನ್ನು ಕಾನೂನೇ ಮುರಿಯಬೇಕು.

ಗಾಳಿಸುದ್ದಿ ಎಂದು ಕರೆಯುತ್ತೇವಾದರೂ ಇದು ಗಾಳಿಯಲ್ಲಿ ಹುಟ್ಟುವುದಲ್ಲ. ಕಂಪನಿಯೊಂದರ ಮಾರಾಟದ ಮಾತುಕತೆ ನಡೆಯುವಾಗ ಅದು ಗೊತ್ತಿರುವವರು ಬೆರಳೆಣಿಕೆಯ ಮಂದಿ: ಎರಡೂ ಕಡೆಯ ಆಡಳಿತ ಮಂಡಳಿ, ಬ್ಯಾಂಕರುಗಳು, ವಕೀಲರು. ಸುದ್ದಿ ಹೊರಬಂದರೆ ಇನ್ನೊಬ್ಬ ಗಿರಾಕಿ ಓಡಿ ಬಂದಾನು ಎಂಬ ಆಸೆ ಮಾರುವವನಿಗಿರುತ್ತದೆ. ವ್ಯವಹಾರ ಬೇಡವಾದವನಿಗೆ ಬೆಲೆ ಏರಿಸಿ ಮಾತುಕತೆಯನ್ನು ಕೆಡಿಸಬೇಕಿರುತ್ತದೆ. ಮೊದಲೇ ಷೇರು ಕೊಂಡಿಟ್ಟವನಿಗಂತೂ ಏನಾದರೂ ಸುದ್ದಿಯಾದರೆ ಸಾಕು. ಇವರಲ್ಲಿ ಯಾರು ಪತ್ರಕರ್ತನಿಗೆ ಫೋನ್ ಮಾಡಿದರೆಂದು ಓದುಗನಿಗೆ ಗೊತ್ತಾಗುವುದೇ ಇಲ್ಲ.

ಒಳಗಿನ ಒಂದು ಮಾತಿಗೆ ಎಷ್ಟು ಬೆಲೆ ಎಂಬುದನ್ನು ಟೋಕಿಯೊದ ನ್ಯಾಯಾಲಯವೊಂದು ಲೆಕ್ಕ ಹಾಕಿ ಹೇಳಿದೆ. ‘ಸಾನಿಕ್’ ಆಟವನ್ನು ಕಟ್ಟಿದವರಲ್ಲಿ ಒಬ್ಬರಾದ ಯೂಜಿ ನಾಕಾ, ಸ್ಕ್ವೇರ್ ಎನಿಕ್ಸ್ ಎಂಬ ಗೇಮ್ ಕಂಪನಿಯಲ್ಲಿದ್ದಾಗ, ಯಾವ ಸಣ್ಣ ಕಂಪನಿಗಳು ತಮ್ಮ ಸಂಸ್ಥೆಯ ಹೆಸರಾಂತ ಆಟಗಳ ಮೊಬೈಲ್ ಆವೃತ್ತಿ ಮಾಡಲಿವೆ ಎಂಬುದನ್ನು ಮುಂಚೆಯೇ ತಿಳಿದು ಆ ಕಂಪನಿಗಳ ಷೇರು ಕೊಂಡಿದ್ದರು. 2023ರ ಜುಲೈನಲ್ಲಿ ಅವರಿಗೆ ಎರಡೂವರೆ ವರ್ಷದ ಶಿಕ್ಷೆಯಾಯಿತು, ಅದನ್ನು ನಾಲ್ಕು ವರ್ಷ ಅಮಾನತಿನಲ್ಲಿಟ್ಟರು. ಜೊತೆಗೆ 17 ಕೋಟಿ ಯೆನ್‌ಗೂ ಮೀರಿದ ದಂಡ. ಅದು ಕೇವಲ ಮೊಬೈಲ್ ಆಟದ ಗುಟ್ಟು. ಇಡೀ ಕಂಪನಿಯೇ ಕೈಬದಲಾಗುವ ಗುಟ್ಟಿನ ಬೆಲೆ ಎಷ್ಟಿರಬಹುದು?

ಕಂಪನಿಯನ್ನು ಕೊಳ್ಳದೆಯೇ, ಕೊಳ್ಳುತ್ತೇನೆಂಬ ಭಯ ಹುಟ್ಟಿಸಿಯೇ ದುಡ್ಡು ಮಾಡಬಹುದು ಎನ್ನುವುದಕ್ಕೆ ಫ್ರಾನ್ಸಿನ ಗೇಮ್ ಕಂಪನಿ ಯೂಬಿಸಾಫ್ಟ್‌ಗಿಂತ ಒಳ್ಳೆಯ ಸಾಕ್ಷಿ ಸಿಗದು. ಐವರು ಗಿಯೆಮೊ ಸಹೋದರರು 1986ರಲ್ಲಿ ಬ್ರಿಟನಿ ಪ್ರಾಂತ್ಯದಲ್ಲಿ ಕಟ್ಟಿದ ಸಂಸ್ಥೆ ಅದು. 2015ರ ಅಕ್ಟೋಬರಿನಿಂದ ವಿವೆಂಡಿ ಎಂಬ ಮಾಧ್ಯಮ ದೈತ್ಯ ಅದರ ಷೇರುಗಳನ್ನು ಸದ್ದಿಲ್ಲದೆ ಕೊಳ್ಳತೊಡಗಿತು. ಅದೇ ಕುಟುಂಬದ ಇನ್ನೊಂದು ಕಂಪನಿ ಗೇಮ್‌ಲಾಫ್ಟ್ ಅನ್ನು 2016ರಲ್ಲಿ ನುಂಗಿಯೂ ಬಿಟ್ಟಿತು. ಯೂಬಿಸಾಫ್ಟ್‌ನಲ್ಲಿ ವಿವೆಂಡಿಯ ಪಾಲು ಶೇ 27 ದಾಟಿತು. ಫ್ರಾನ್ಸಿನ ನಿಯಮದಂತೆ ಶೇ 30 ಮುಟ್ಟಿದರೆ ಉಳಿದವರ ಷೇರಿಗೂ ಬೆಲೆ ಹೇಳಲೇಬೇಕು. ಆ ಗೆರೆಯನ್ನು ಮುಟ್ಟದೆ, ಒಟ್ಟು ಎರಡು ವರ್ಷಕ್ಕೂ ಹೆಚ್ಚು ಕಾಲ ಎಲ್ಲರನ್ನೂ ಕಾಯಿಸಿತು. ಗಿಯೆಮೊಗಳು ಜಗ್ಗಲಿಲ್ಲ. 2018ರ ಮಾರ್ಚಿನಲ್ಲಿ ವಿವೆಂಡಿ ತನ್ನ ಪಾಲನ್ನು ಸುಮಾರು 200 ಕೋಟಿ ಯೂರೊಗೆ ಮಾರಿ ಎದ್ದುಹೋಯಿತು. ಪತ್ರಿಕೆಗಳು ಇದನ್ನು ಕುಟುಂಬದ ಗೆಲುವು ಎಂದು ಬರೆದವು. ಸೋತವನ ಜೇಬಿಗೆ ಬಿದ್ದ ಲಾಭ ಎಷ್ಟು ಗೊತ್ತೇ? ಸುಮಾರು 120 ಕೋಟಿ ಯೂರೊ. ಇಂಥ ಸೋಲು ಯಾರಿಗೆ ಬೇಡ!

ಆರು ವರ್ಷ ಬಿಟ್ಟು ಅದೇ ಮನೆಗೆ ಎರಡನೆಯ ಗಾಳಿ ಬೀಸಿತು. 2024ರ ಶರತ್ಕಾಲಕ್ಕೆ ಯೂಬಿಸಾಫ್ಟ್ ಷೇರು ದಶಕದ ಕನಿಷ್ಠಕ್ಕೆ ಬಿದ್ದಿತ್ತು. ‘ಸ್ಟಾರ್ ವಾರ್ಸ್ ಔಟ್‌ಲಾಸ್’ ನಿರೀಕ್ಷೆಯಷ್ಟು ಮಾರಾಟವಾಗಿರಲಿಲ್ಲ, ‘ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್’ ಮುಂದಕ್ಕೆ ಹೋಗಿತ್ತು. ಅಕ್ಟೋಬರ್ 4ರಂದು ಬ್ಲೂಮ್‌ಬರ್ಗ್ ಒಂದು ವರದಿ ಮಾಡಿತು: ಗಿಯೆಮೊ ಕುಟುಂಬ ಮತ್ತು ಚೀನಾದ ಟೆನ್ಸೆಂಟ್ ಸೇರಿ ಕಂಪನಿಯನ್ನು ಷೇರುಪೇಟೆಯಿಂದ ಹೊರತರುವ ಆಲೋಚನೆಯಲ್ಲಿವೆ. ಒಂದೇ ದಿನದಲ್ಲಿ ಷೇರು ಶೇ 30ಕ್ಕಿಂತ ಹೆಚ್ಚು ಏರಿತು. ನಮ್ಮ ಮುಂದಿರುವ ಎಲ್ಲ ಆಯ್ಕೆಗಳನ್ನು ನಿಯಮಿತವಾಗಿ ಪರಿಶೀಲಿಸುತ್ತಿರುತ್ತೇವೆ, ಹೇಳುವುದಿದ್ದರೆ ಹೇಳುತ್ತೇವೆ ಎಂಬ ಅರ್ಥದ ಹೇಳಿಕೆಯೊಂದು ಯೂಬಿಸಾಫ್ಟ್‌ನಿಂದ ಹೊರಬಂತು. ಹೌದೂ ಅಲ್ಲ, ಇಲ್ಲವೂ ಅಲ್ಲ.

ಆ ಅಡ್ಡಗೋಡೆಯ ಮೇಲಿನ ದೀಪ ಸುಮಾರು ಆರು ತಿಂಗಳು ಉರಿಯಿತು. ಅದೇ ಅಕ್ಟೋಬರಿನಲ್ಲಿ, ವಾರಕ್ಕೆ ಇಷ್ಟು ದಿನ ಕಚೇರಿಗೆ ಬರಲೇಬೇಕೆಂಬ ಆದೇಶದ ವಿರುದ್ಧ ಫ್ರಾನ್ಸಿನ ಉದ್ಯೋಗಿಗಳು ಮುಷ್ಕರ ಹೂಡಿದರು. ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಒಸಾಕಾ ಸ್ಟುಡಿಯೊಗಳಿಗೆ ಬೀಗ ಬಿತ್ತು. ಸಿಡ್ನಿಯದ್ದೂ ಸೇರಿ 277 ಮಂದಿಯ ಕೆಲಸ ಹೋಯಿತು. ಜನವರಿಯಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಟುಡಿಯೊ ಮುಚ್ಚಿತು. ಬೇರೆ ಕಡೆಯ ಕಡಿತವೂ ಸೇರಿ 185 ಮಂದಿ ಮನೆಗೆ ಹೋದರು. 2025ರ ಮಾರ್ಚ್ 27ರಂದು ಗೊತ್ತಾದದ್ದೇನೆಂದರೆ ಇಡೀ ಕಂಪನಿ ಮಾರಾಟವಾಗುವುದಿಲ್ಲ, ಅದರ ಮೂರು ಅತಿ ಬೆಲೆಬಾಳುವ ಆಟಗಳನ್ನು ಬೇರೆ ಸಂಸ್ಥೆಯಾಗಿ ಕತ್ತರಿಸಿ ಅದರ ಕಾಲುಭಾಗವನ್ನು ಟೆನ್ಸೆಂಟ್‌ಗೆ 116 ಕೋಟಿ ಯೂರೊಗೆ ಕೊಡಲಾಗುತ್ತದೆ. ಆ ಆರು ತಿಂಗಳಲ್ಲಿ ಬೇರೆ ಕೆಲಸ ಹುಡುಕಬೇಕೋ, ಮನೆ ಸಾಲ ಮಾಡಬಹುದೋ, ಊರು ಬದಲಿಸಬೇಕೋ ಎಂದು ತೀರ್ಮಾನಿಸಬೇಕಾದವರ ಕೈಯಲ್ಲಿದ್ದದ್ದು ಷೇರು ದಲ್ಲಾಳಿಯ ಬಳಿ ಇದ್ದಷ್ಟೇ ಮಾಹಿತಿ, ಬಹುಶಃ ಅದಕ್ಕಿಂತಲೂ ಕಡಿಮೆ. ಯೂಬಿಸಾಫ್ಟ್‌ಗೆ ಪುಣೆ, ಮುಂಬೈಗಳಲ್ಲೂ ಸ್ಟುಡಿಯೊಗಳಿವೆ ಎಂಬುದನ್ನು ಇಲ್ಲಿ ನೆನಪಿಸಬೇಕು.

ಗುಟ್ಟು ಗುಟ್ಟಾಗಿಯೇ ಉಳಿದರೂ ಸುರಕ್ಷಿತವಲ್ಲ. ಸ್ವೀಡನ್ನಿನ ಎಂಬ್ರೇಸರ್ ಸಮೂಹ ವರ್ಷಗಟ್ಟಲೆ ಕಂಡಕಂಡ ಸ್ಟುಡಿಯೊಗಳನ್ನು ಕೊಂಡು ಹೊಟ್ಟೆ ಉಬ್ಬಿಸಿಕೊಂಡಿತ್ತು. 200 ಕೋಟಿ ಡಾಲರಿಗೂ ಮೀರಿದ ಪಾಲುದಾರಿಕೆಯೊಂದರ ಮೇಲೆ ಅದರ ಲೆಕ್ಕಾಚಾರವೆಲ್ಲ ನಿಂತಿತ್ತು. ಕೈಯಲ್ಲಿದ್ದದ್ದು ಬಾಯಿಮಾತಿನ ಭರವಸೆ ಮಾತ್ರ. 2023ರ ಮೇ 24ರಂದು ಅದು ಮುರಿದುಬಿತ್ತೆಂದು ಕಂಪನಿ ಹೇಳಿದಾಗ ಒಂದೇ ದಿನದಲ್ಲಿ ಷೇರು ಶೇ 40ರಷ್ಟು ಕುಸಿಯಿತು. ಎದುರಿಗಿದ್ದ ಪಾರ್ಟಿ ಯಾರೆಂದು ಆಗಲೂ ಹೇಳಲಿಲ್ಲ. ಅದು ಸೌದಿಯ ಸ್ಯಾವಿ ಗೇಮ್ಸ್ ಎಂದು ಆಮೇಲೆ ಮಾಧ್ಯಮ ವರದಿ ಹೇಳಿತು. ಆಗಸ್ಟ್ ಮುಗಿಯುವ ಹೊತ್ತಿಗೆ ‘ಸೇಂಟ್ಸ್ ರೋ’ ಮಾಡಿದ, 30 ವರ್ಷ ಹಳೆಯ ವೊಲಿಷನ್ ಸ್ಟುಡಿಯೊ ಮುಚ್ಚಿಹೋಯಿತು. ಮುಂದಿನ ಫೆಬ್ರವರಿಯ ಹೊತ್ತಿಗೆ ಸಮೂಹದಿಂದ ಹೊರಬಿದ್ದವರು ಸಾವಿರದ ಮುನ್ನೂರಕ್ಕೂ ಹೆಚ್ಚು.

ಆಟ ಆಡುವ ನಮ್ಮ ಪಾಲೂ ಇದರಲ್ಲಿದೆ ಎನ್ನಬೇಕು. ಸೋನಿ ಪಕ್ಷ, ಎಕ್ಸ್‌ಬಾಕ್ಸ್ ಪಕ್ಷ ಎಂದು ಕಚ್ಚಾಡುವವರಿಗೆ ಖರೀದಿ ವದಂತಿ ಎಂದರೆ ಐಪಿಎಲ್ ಹರಾಜಿನಷ್ಟೇ ರೋಚಕ. ಯಾರು ಯಾರನ್ನು ಕೊಂಡರು ಎಂದು ಚಪ್ಪಾಳೆ ತಟ್ಟುತ್ತಾರೆ. 2023ರಲ್ಲಿ ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಿದ್ದ ಮೂರು ವರ್ಷ ಹಳೆಯ ಇಮೇಲೊಂದರಲ್ಲಿ ಆಗ ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ ನಿಂಟೆಂಡೊವನ್ನು ಕೊಳ್ಳುವ ಆಸೆ ತೋಡಿಕೊಂಡಿದ್ದರು. ಅದನ್ನು ಓದಿ ಕುಣಿದವರು ಅದೇ ಮೈಕ್ರೊಸಾಫ್ಟ್ 68.7 ಶತಕೋಟಿ ಡಾಲರಿಗೆ ಆ್ಯಕ್ಟಿವಿಷನ್ ಬ್ಲಿಜರ್ಡ್ ಕೊಂಡದ್ದನ್ನೂ ನೋಡಿದರು. 2023ರ ಅಕ್ಟೋಬರಿನಲ್ಲಿ ಖರೀದಿ ಮುಗಿಯಿತು. 2024ರ ಜನವರಿಯಲ್ಲಿ 1,900 ಮಂದಿಯನ್ನು ಮನೆಗೆ ಕಳಿಸಲಾಯಿತು. ಚಪ್ಪಾಳೆ ತಟ್ಟಿದವರು ಆಗಲೂ ಮುಂದಿನ ಆಟ ಯಾವಾಗ ಎಂದೇ ಕೇಳುತ್ತಿದ್ದರು.

ಈಗ ಕಾನೂನಿನ ಮಾತು. ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ ಒಂದು ಪ್ರಕರಣದಲ್ಲಿ, ವಿಲೀನದ ಮಾತುಕತೆ ನಡೆಯುತ್ತಿರುವಾಗ ಇಲ್ಲವೆಂದು ಸುಳ್ಳು ಹೇಳಿದ ಕಂಪನಿ ಹೊಣೆಗಾರನಾಗಬಹುದು, ಆದರೆ ಸುಮ್ಮನಿದ್ದರೆ ತಪ್ಪಿಲ್ಲ ಎಂಬ ದಾರಿ ತೋರಿತು. ವಕೀಲರು ಅದರಿಂದ ಕಲಿತ ಪಾಠ ಸರಳ: ನಿಜವಿರಲಿ ಸುಳ್ಳಿರಲಿ, ‘ಪ್ರತಿಕ್ರಿಯೆ ಇಲ್ಲ’ ಎನ್ನಿ. ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿ ವದಂತಿಯಿಂದ ಬೆಲೆ ಅಲುಗಾಡಿದರೆ ಪ್ರಕಟಣೆ ಕೊಡಬೇಕು, ಕೊಳ್ಳಬಯಸುವವರ ಹೆಸರು ಹೇಳಬೇಕು. ಹೆಸರು ಬಂದ ಮೇಲೆ ಅವರಿಗೆ 28 ದಿನ; ಅಷ್ಟರೊಳಗೆ ಬೆಲೆ ಹೇಳು, ಇಲ್ಲವೇ ಜಾಗ ಖಾಲಿ ಮಾಡು. ನಮ್ಮ ಸೆಬಿಯೂ ಹಿಂದೆ ಬಿದ್ದಿಲ್ಲ. 2024ರ ಜೂನ್ 1ರಿಂದ ಮೊದಲ 100 ಕಂಪನಿಗಳಿಗೆ, ಡಿಸೆಂಬರ್ 1ರಿಂದ ಮೊದಲ 250 ಕಂಪನಿಗಳಿಗೆ, ಬೆಲೆ ಏರುಪೇರಾಗುವಂಥ ವದಂತಿ ಬಂದರೆ 24 ಗಂಟೆಯೊಳಗೆ ಹೌದು, ಇಲ್ಲ ಅಥವಾ ಸಂಗತಿ ಹೀಗೆ ಎಂದು ಹೇಳುವುದನ್ನು ಕಡ್ಡಾಯ ಮಾಡಿತು. ವದಂತಿಯಿಂದ ಉಬ್ಬಿದ ಬೆಲೆಯನ್ನು ಪಕ್ಕಕ್ಕಿಟ್ಟು ವ್ಯವಹಾರದ ದರ ಲೆಕ್ಕ ಹಾಕಲೂ ದಾರಿ ಮಾಡಿತು. ದಲಾಲ್ ಸ್ಟ್ರೀಟ್ ಮುಳುಗಿಲ್ಲ.

ಮುಳುಗುತ್ತದೆ ಎನ್ನುವುದೇ ಎದುರು ವಾದ. ಹಸಿ ಮಾತುಕತೆಯನ್ನು ಬಯಲಿಗೆಳೆದರೆ ವ್ಯವಹಾರ ಕೆಡುತ್ತದೆ, ಪ್ರತಿಸ್ಪರ್ಧಿ ನುಗ್ಗುತ್ತಾನೆ, ಒಳ್ಳೆಯ ಉದ್ಯೋಗಿಗಳು ಹೆದರಿ ಬಿಟ್ಟುಹೋಗುತ್ತಾರೆ ಎನ್ನುತ್ತಾರೆ. ಪ್ರತಿಸ್ಪರ್ಧಿ ನುಗ್ಗುವುದು ಷೇರುದಾರನಿಗೆ ನಷ್ಟ ಹೇಗೆ? ಇಂಗ್ಲೆಂಡಿನ ರೇಸಿಂಗ್ ಆಟಗಳ ಕಂಪನಿ ಕೋಡ್‌ಮಾಸ್ಟರ್ಸ್‌ಗೆ 2020ರ ನವೆಂಬರಿನಲ್ಲಿ ಟೇಕ್-ಟು ಎಂಬ ಗೇಮ್ ಕಂಪನಿ ಷೇರೊಂದಕ್ಕೆ 485 ಪೆನ್ಸ್ ಬೆಲೆ ಕಟ್ಟಿತು. ಎಲ್ಲವೂ ಬಹಿರಂಗ. ಡಿಸೆಂಬರಿನಲ್ಲಿ ಇಎ ಬಂದು 604 ಪೆನ್ಸ್ ಹೇಳಿ ಕೊಂಡೊಯ್ದಿತು. ಜಪಾನಿನಲ್ಲಿ ‘ಎಲ್ಡನ್ ರಿಂಗ್’ ಮಾಡಿದ ಫ್ರಮ್‌ಸಾಫ್ಟ್‌ವೇರ್‌ನ ಒಡೆಯ ಕಡೊಕಾವಾವನ್ನು ಕೊಳ್ಳುವ ಮಾತುಕತೆಯಲ್ಲಿ ಸೋನಿ ಇದೆ ಎಂದು 2024ರ ನವೆಂಬರ್ 19ರಂದು ರಾಯಿಟರ್ಸ್ ಬರೆದಾಗ, ಮಾರನೆಯ ದಿನವೇ ಕಡೊಕಾವಾ, ಹೌದು, ಸೋನಿಯಿಂದ ಪತ್ರ ಬಂದಿದೆ, ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದಿತು. ಒಂದೇ ತಿಂಗಳಲ್ಲಿ ಮಾತು ಮುಗಿಯಿತು: ಸೋನಿ ಕಂಪನಿಯನ್ನು ಕೊಳ್ಳಲಿಲ್ಲ, ಸುಮಾರು ಶೇ 10 ಪಾಲಿಗೆ ತೃಪ್ತವಾಯಿತು. ಉದ್ಯೋಗಿಗಳು ಹೆದರುತ್ತಾರೆಂಬ ವಾದವಂತೂ ನಗೆ ತರಿಸುತ್ತದೆ. ಪತ್ರಿಕೆಯಲ್ಲಿ ಓದಿದಾಗ ಅವರು ಹೆದರುವುದಿಲ್ಲವೇ?

ಕೋಡ್‌ಮಾಸ್ಟರ್ಸ್ ಕಥೆಗೆ ಇನ್ನೊಂದು ತುದಿಯಿದೆ, ಅದನ್ನು ಮುಚ್ಚಿಟ್ಟರೆ ನನ್ನ ವಾದ ಅರ್ಧ ಸುಳ್ಳಾಗುತ್ತದೆ. 2025ರ ವಸಂತದಲ್ಲಿ ಇಎ ಅಲ್ಲಿ ರ‍್ಯಾಲಿ ಆಟಗಳ ಕೆಲಸ ನಿಲ್ಲಿಸಿತು, ಜನರ ಕೆಲಸ ಹೋಯಿತು. ಬಹಿರಂಗ ಹರಾಜು ಷೇರುದಾರನಿಗೆ ಒಳ್ಳೆಯ ಬೆಲೆ ತಂದಿತೇ ಹೊರತು ಕೋಡ್ ಬರೆಯುವವರಿಗೆ ರಕ್ಷಣೆ ತರಲಿಲ್ಲ. ಹಾಗಾಗಿ 24 ಗಂಟೆಯ ನಿಯಮ ಮೊದಲ ಮೆಟ್ಟಿಲು ಅಷ್ಟೇ. ಕೊಳ್ಳುವವರು ಉದ್ಯೋಗಿಗಳನ್ನು ಏನು ಮಾಡುತ್ತೇವೆಂದು ಬರೆದು ಹೇಳಬೇಕು, ಉದ್ಯೋಗಿಗಳ ಪ್ರತಿನಿಧಿಗಳ ಅಭಿಪ್ರಾಯವೂ ಷೇರುದಾರರ ಕೈಸೇರಬೇಕು ಎಂದು ಬ್ರಿಟನ್ನಿನ ನಿಯಮಾವಳಿ ಹೇಳುತ್ತದೆ. ಅಮೆರಿಕದಲ್ಲಿ ಅದೂ ಇಲ್ಲ. ಇಎ ಖರೀದಿಯ ಹಣದಲ್ಲಿ 20 ಶತಕೋಟಿ ಡಾಲರ್ ಸಾಲ. ವರ್ಷಕ್ಕೆ ಸುಮಾರು ಏಳೂವರೆ ಶತಕೋಟಿ ಡಾಲರ್ ವರಮಾನ, ನೂರು ಕೋಟಿ ಡಾಲರಿಗೂ ಹೆಚ್ಚು ಲಾಭವಿದ್ದ ಕಂಪನಿಯ ತಲೆಗೆ ಈ ಸಾಲವನ್ನು ಕಟ್ಟಿ ಬಡ್ಡಿಯನ್ನು ಯಾರಿಂದ ಕಕ್ಕಿಸುತ್ತೀರಿ ಎಂದು ಅಲ್ಲಿನ ಕಾರ್ಮಿಕ ಸಂಘಟನೆ ದನಿಯೆತ್ತಿದ್ದು ಒಪ್ಪಂದ ಪ್ರಕಟವಾದ ಮೇಲೆ. ಮೊದಲು ಎತ್ತಲು ಅವರಿಗೆ ಗೊತ್ತೇ ಇರಲಿಲ್ಲವಲ್ಲ.

ಇದೆಲ್ಲ ಪ್ಯಾರಿಸ್, ಕ್ಯಾಲಿಫೋರ್ನಿಯಾಗಳ ತಲೆನೋವು ಎಂದುಕೊಂಡರೆ ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್‌ನತ್ತ ನೋಡಿ. ರಾಜೇಶ್ ರಾವ್ 1997ರಲ್ಲಿ ಕಟ್ಟಿದ, ಭಾರತದ ಗೇಮಿಂಗ್ ಉದ್ಯಮಕ್ಕೆ ನಾಂದಿ ಹಾಡಿದ ಸಂಸ್ಥೆ. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದರ ಶೇ 90ರಷ್ಟನ್ನು ಕೊಂಡಿತು. 2018ರ ಡಿಸೆಂಬರಿನಲ್ಲಿ ಸ್ಟಾರ್‌ಬ್ರೀಜ್‌ಗೇ ಉಸಿರು ಕಟ್ಟಿ, ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಅಲ್ಲಿನ ನ್ಯಾಯಾಲಯದ ಮೆಟ್ಟಿಲು ಹತ್ತಿತು. 2019ರ ಮೇ ತಿಂಗಳಲ್ಲಿ ಧ್ರುವ 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿಯ ಪಾಲಾಯಿತು. ಕೊಂಡವರು ಗಟ್ಟಿ ಕುಳವಾದ್ದರಿಂದ ಕಥೆ ಒಳ್ಳೆಯದಾಗಿಯೇ ಮುಂದುವರಿಯಿತು. ಆದರೆ ಬೆಂಗಳೂರಿನ ಮುನ್ನೂರು ಚಿಲ್ಲರೆ ಮಂದಿಯ ಹಣೆಬರಹ ಆ ಐದು ತಿಂಗಳು ಸ್ಟಾಕ್‌ಹೋಮಿನ ಲೆಕ್ಕಪತ್ರದಲ್ಲಿತ್ತು. ಹಾಗೆಯೇ ಬೆಂಗಳೂರಿನಲ್ಲಿರುವ, ಜಿಂಗಾ ಎಂಬ ಗೇಮ್ ಕಂಪನಿಯ ಕಚೇರಿಯ ಒಡೆತನ 2022ರಲ್ಲಿ ಟೇಕ್-ಟುಗೆ ಹೋದದ್ದು 12.7 ಶತಕೋಟಿ ಡಾಲರಿನ ದೊಡ್ಡ ವ್ಯವಹಾರದ ಒಂದು ಸಾಲಾಗಿ.

ಸೆಬಿಯ ನಿಯಮ ಇವುಗಳನ್ನು ಮುಟ್ಟುವುದಿಲ್ಲ. ಇವು ನಮ್ಮ ಷೇರುಪೇಟೆಯಲ್ಲಿಲ್ಲ, ಹೊರದೇಶದ ಕಂಪನಿಗಳ ಅಂಗಸಂಸ್ಥೆಗಳು. ಆದರೆ ಕರ್ನಾಟಕ ಸರ್ಕಾರದ ಕೈಯಲ್ಲಿ ಬೇರೊಂದು ಹಿಡಿತವಿದೆ. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ನಮ್ಮದು. 2024-29ರ ಹೊಸ ನೀತಿಯೂ ಪ್ರೋತ್ಸಾಹಧನ, ರಿಯಾಯಿತಿಗಳನ್ನು ಹೊತ್ತು ಬಂದಿದೆ. ಆ ಹಣ ಪಡೆಯುವ ಕಂಪನಿಗೆ ಒಂದು ಷರತ್ತು ಹಾಕಿ: ಮಾತೃಸಂಸ್ಥೆಯ ಮಾರಾಟದ ವದಂತಿ ಬಹಿರಂಗವಾದ 24 ಗಂಟೆಯೊಳಗೆ ಇಲ್ಲಿನ ಉದ್ಯೋಗಿಗಳಿಗೆ ಲಿಖಿತ ಉತ್ತರ ಕೊಡಬೇಕು, ಖರೀದಿಯಾದರೆ ಇಲ್ಲಿನ ಕೆಲಸಗಳ ಗತಿಯೇನೆಂದು ಸರ್ಕಾರಕ್ಕೂ ಬರೆದುಕೊಡಬೇಕು, ಕೊಡದಿದ್ದರೆ ಪಡೆದ ರಿಯಾಯಿತಿ ಹಿಂತಿರುಗಿಸಬೇಕು. ಇದಕ್ಕೆ ದೆಹಲಿಯ ಅನುಮತಿ ಬೇಡ, ಹೊಸ ಶಾಸನವೂ ಬೇಡ. ಐಟಿ-ಬಿಟಿ ಇಲಾಖೆಯ ಮಾರ್ಗಸೂಚಿಯಲ್ಲಿ ಒಂದು ಪುಟ ಸೇರಿಸಿದರೆ ಆಯಿತು.