ಆಮ್ಲೆಟ್‌ಗೆ ಹೂರಣ ಧಾರಾಳವಾಗಿರಬೇಕೇ?

ಪರ

ಬರೀ ಮೊಟ್ಟೆಯೇ ಬೇಕಿದ್ದರೆ ಬೇಯಿಸಿ ಸಿಪ್ಪೆ ಸುಲಿದರಾಯಿತು, ಕಾವಲಿ ಯಾಕೆ? ಸಂಜೆ ಬೀದಿ ಗಾಡಿಯ ಮುಂದೆ ನಿಂತು ನೋಡಿ. ಸ್ಟೀಲ್ ಲೋಟಕ್ಕೆ ಮೊದಲು ಬೀಳುವುದು ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು. ಚಮಚದಲ್ಲಿ ಅವನ್ನೆಲ್ಲ ಕುಟ್ಟಿ ಘಮ ಎದ್ದ ಮೇಲೆಯೇ ಮೊಟ್ಟೆ ಒಡೆಯುವುದು. ಹೋಳಿಗೆಗೆ ಹೂರಣ ಕಡಿಮೆ ಹಾಕಿದವರನ್ನು ಯಾರಾದರೂ ಹೊಗಳಿದ್ದುಂಟೇ?

ಸ್ಪೇನಿನವರ ತೋರ್ತಿಯಾವನ್ನು ತೂಕಕ್ಕೆ ಹಾಕಿದರೆ ಮೊಟ್ಟೆಗಿಂತ ಆಲೂಗೆಡ್ಡೆಯೇ ಹೆಚ್ಚು. ಇರಾನಿನ ಕೂಕು ಸಬ್ಜಿಯಲ್ಲಂತೂ ರಾಶಿ ಸೊಪ್ಪು. ಅದು ಚೆದುರದ ಹಾಗೆ ಹಿಡಿದಿಡುವುದಷ್ಟೇ ಮೊಟ್ಟೆಯ ಕೆಲಸ. ಇನ್ನು, ಎರಡು ಮೊಟ್ಟೆಗೆ ನಾಲ್ಕು ಬಾಯಿ ಕಾದಿರುವ ಮನೆಯಲ್ಲಿ ಇನ್ನೊಂದು ಈರುಳ್ಳಿ ಹೆಚ್ಚುವುದೇ ಜಾಣತನ. ಆಮ್ಲೆಟ್ ಹರಿದರೆ ಹರಿಯಲಿ, ಚಪಾತಿಯೊಳಗೆ ಸುತ್ತಿಕೊಂಡರೆ ಯಾರಿಗೆ ಕಾಣುತ್ತದೆ?

ವಿರೋಧ

ಹೋಳಿಗೆಯ ಮಾತು ಸೊಗಸಾಗಿದೆ. ಆದರೆ ಕಣಕವನ್ನು ನಾದಿ, ಎಣ್ಣೆಯಲ್ಲಿ ನೆನೆಸಿರುತ್ತಾರೆ; ಎಳೆದಷ್ಟೂ ಹಿಗ್ಗುತ್ತದೆ. ಮೊಟ್ಟೆಗೆ ಆ ಗುಣವಿಲ್ಲ. ಕಲಕಿದ ಮೊಟ್ಟೆ ಸುಮಾರು 73 ಡಿಗ್ರಿ ಸೆಲ್ಸಿಯಸ್‌ಗೆ ಗಟ್ಟಿಯಾಗುತ್ತದೆ, ಅದಕ್ಕೂ ಮೀರಿ ಕಾಯಿಸುತ್ತಾ ಹೋದರೆ ಬಿಗಿದುಕೊಂಡು ನೀರು ಕಕ್ಕುತ್ತದೆ. ಜೊತೆಗೆ ತರಕಾರಿಯ ನೀರು: ಟೊಮೆಟೊ ತೂಕದಲ್ಲಿ ಶೇ 94ರಷ್ಟು, ಅಣಬೆಯಲ್ಲಿ ಶೇ 92ರಷ್ಟು, ಈರುಳ್ಳಿಯಲ್ಲಿ ಶೇ 89ರಷ್ಟು ಇರುವುದು ನೀರೇ. ಉಪ್ಪು ಬಿತ್ತೆಂದರೆ ಅದೆಲ್ಲ ಒಸರತೊಡಗುತ್ತದೆ. ಎರಡು ಮೊಟ್ಟೆಯ ಒಳಗಿರುವುದು ಹೆಚ್ಚುಕಡಿಮೆ 100 ಗ್ರಾಂ. ಅದಕ್ಕೆ ಅಷ್ಟೇ ತೂಕದ ಹಸಿ ತರಕಾರಿ ಸುರಿದು, ಈರುಳ್ಳಿ ಬೇಯಲೆಂದು ಕಾದರೆ ಮೊಟ್ಟೆ ರಬ್ಬರ್. ಮೊಟ್ಟೆ ಹದಕ್ಕೆ ಬಂತೆಂದು ಇಳಿಸಿದರೆ ಈರುಳ್ಳಿ ಹಸಿಹಸಿ. ಮಗುಚುವಾಗ ನಡುವೆ ಹರಿದರೆ ಅಲ್ಲಿಗೆ ಅದು ಬುರ್ಜಿ. (ಬುರ್ಜಿಯ ಮೇಲೆ ದ್ವೇಷವೇನಿಲ್ಲ, ಆಮ್ಲೆಟ್ ಕೇಳಿದವರಿಗೆ ಕೊಡಬಾರದು, ಅಷ್ಟೇ.)

ತೋರ್ತಿಯಾದ ಆಲೂಗೆಡ್ಡೆ ಮೊದಲೇ ಎಣ್ಣೆಯಲ್ಲಿ ಮೆತ್ತಗೆ ಬೆಂದಿರುತ್ತದೆ, ಆಮೇಲೆ ಆಳದ ಬಾಣಲೆಯಲ್ಲಿ ನಿಧಾನ ಉರಿ. ಅದರ ದಾರಿಯೇ ಬೇರೆ. 1963ರಲ್ಲಿ ಶುರುವಾದ ‘ದಿ ಫ್ರೆಂಚ್ ಶೆಫ್’ ಟಿ.ವಿ. ಕಾರ್ಯಕ್ರಮದಲ್ಲಿ ಜೂಲಿಯಾ ಚೈಲ್ಡ್ ಅರ್ಧ ನಿಮಿಷದೊಳಗೆ ಆಮ್ಲೆಟ್ ಮಾಡಿ ತಟ್ಟೆಗೆ ಇಳಿಸುತ್ತಿದ್ದರು. ಹೊಟ್ಟೆ ತುಂಬ ಹೂರಣವಿದ್ದರೆ ಆ ವೇಗ ಸಾಧ್ಯವಿತ್ತೇ? ಗೋವಾದವರೂ ಬುದ್ಧಿವಂತರು, ಶಾಕುತಿ ಎಂಬ ಮಸಾಲೆ ಸಾರಿನ ರಸವನ್ನು ಆಮ್ಲೆಟ್‌ನ ಒಳಗೆ ತುರುಕುವುದಿಲ್ಲ, ಮೇಲೆ ಸುರಿಯುತ್ತಾರೆ. ಗಾಡಿಯವನ ಲೋಟವನ್ನೂ ಸರಿಯಾಗಿ ನೋಡಿ: ಈರುಳ್ಳಿ ಸಣ್ಣಗೆ ಹೆಚ್ಚಿದ್ದು, ಅದೂ ಒಂದು ಸಣ್ಣ ಹಿಡಿ.

ಅಣಬೆ, ಪಾಲಕ್ ಬೇಕೇ ಬೇಕು ಎನ್ನುವವರು ಬೇರೆ ಬಾಣಲೆಯಲ್ಲಿ ನೀರು ಇಂಗುವವರೆಗೆ ಬಾಡಿಸಲಿ. ಟೊಮೆಟೊದ ಬೀಜ, ಲೋಳೆ ತೆಗೆಯಲಿ. ಮೊಟ್ಟೆ ಮುಕ್ಕಾಲು ಗಟ್ಟಿಯಾದಾಗ ಒಂದೇ ಮಗ್ಗುಲಿಗೆ ಹರಡಿ ಮಡಚಲಿ. ಎರಡು ಮೊಟ್ಟೆಗೆ ಮೂರು ದೊಡ್ಡ ಚಮಚ ಸಾಕು. ನಾಲ್ಕನೆಯದನ್ನು ಬ್ರೆಡ್ಡಿನ ಮೇಲೆ ಹಾಕಿಕೊಳ್ಳಲಿ.