ಬಿಲ್ಲೆ, ಬುಟ್ಟಿ, ಸಲಾಕೆ



ಮಕ್ಕಳ ರಜಾಕಾಲದ ಓದಿನ ಬಗೆಗೆ ಈ ಸಂಚಿಕೆಯಲ್ಲಿ ಬರೆಯುವೆನೆಂದು ಮಾತು ಕೊಟ್ಟಿದ್ದೆ. ಅದನ್ನು ಮುಂದಿನ ತಿಂಗಳಿಗೆ ನೂಕಬೇಕಾಗಿ ಬಂದಿರುವುದಕ್ಕೆ ಕ್ಷಮೆಯಿರಲಿ. ಎರಡು ಭಾನುವಾರಗಳನ್ನು ನಾನು ಒಂದು ಹಳೆಯ ಮೋಟಾರು ಸೈಕಲ್ಲಿನ ಪಕ್ಕದಲ್ಲಿ ಗೋಣಿತಟ್ಟು ಹಾಸಿಕೊಂಡು ಕಳೆದೆ. ಬೇರೆ ಯಾವ ವಿಷಯಕ್ಕೂ ಮನಸ್ಸು ಹೊರಳಲಿಲ್ಲ.

ಆ ಗಾಡಿ ನನ್ನ ದಿವಂಗತ ಮಿತ್ರರೊಬ್ಬರದು. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ತಾಂಡೂರಿನ ಕಲ್ಲಿನ ಪಾಲಿಶ್ ಯಂತ್ರಗಳನ್ನು ದುರಸ್ತಿ ಮಾಡಿ ಜೀವನ ಸಾಗಿಸಿದವರು. ಬುಲೆಟ್ಟಿನ ಒಂದು ಚೌಕಟ್ಟು ಮತ್ತು ಅದರದೇ ಎಂಜಿನನ್ನು ಕೊಂಡು, ಉಳಿದ ಭಾಗಗಳನ್ನು ವರ್ಷಗಟ್ಟಲೆ ಅಲ್ಲಿಂದೊಂದು ಇಲ್ಲಿಂದೊಂದು ಕೂಡಿಸಿ, ತಮ್ಮ ಕೈಯಿಂದಲೇ ಅದನ್ನು ನಿಲ್ಲಿಸಿದ್ದರು. ಚೌಕಟ್ಟಿನ ಸಂಖ್ಯೆ, ಎಂಜಿನ್ ಸಂಖ್ಯೆ ಎರಡೂ ನೋಂದಣಿ ಪುಸ್ತಕದಲ್ಲಿದ್ದಂತೆಯೇ ಇವೆಯೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು.

ಅವರ ಮಗ ಒಂದು ಸಂಜೆ ನಮ್ಮ ಮನೆಗೆ ಬಂದ. ಅವನೂ ಮೆಕಾನಿಕ್ಕೇ. "ಕಾಕಾ, ಅಪ್ಪನ ಗಾಡಿ ಗುಜರಿಗಿ ಹಾಕ್ತೀನ್ರಿ. ಎರಡ ಸಲ ಕ್ಲಚ್ ಪ್ಲೇಟ್ ತಂದೆ. ಎರಡೂ ಸಲ ರೊಕ್ಕ ನೀರಾಗ ಹೋಯ್ತು" ಎಂದ. ಮೊದಲ ಸಲ ಅಂಗಡಿಯವನು "ಯಾವ ಬುಲೆಟ್ಟು?" ಎಂದು ಕೇಳಿದಾಗ ಇವನು "ಹಳೇದು" ಎಂದನಂತೆ, ಅವನು ಕೊಟ್ಟ ಪ್ಲೇಟುಗಳು ಒಳಗೇ ಇಳಿಯಲಿಲ್ಲ. ಎರಡನೆಯ ಸಲದವು ಇಳಿದವು, ಆದರೆ ಗಾಡಿಗೆ ಎಳೆತವಿಲ್ಲ. ಎಂಜಿನ್ ಕೂಗುತ್ತದೆ, ಗಾಲಿ ಕದಲುವುದಿಲ್ಲ. ಗುಜರಿಯವನು ಶುಕ್ರವಾರ ಬರುವುದಾಗಿ ಹೇಳಿಹೋಗಿದ್ದ.

ಮರುದಿನ ಬೆಳಿಗ್ಗೆ ಹುಡುಗನ ತಾಯಿ ತಾವೇ ಬಂದರು. ಸೆರಗಿನೊಳಗಿನಿಂದ ಎಣ್ಣೆ ಹೀರಿ ಕಪ್ಪಾದ ಒಂದು ಖಾತೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ಅಣ್ಣಾ, ಎಲ್ಲಾ ಇದರಾಗ ಬರದಿಟ್ಟಾರ. ನಂಗ ಓದಾಕ ಬರಂಗಿಲ್ಲ, ಇವಂಗೂ ಬರಂಗಿಲ್ಲ" ಎಂದಷ್ಟೇ ಹೇಳಿದರು. ಗಾಡಿಯನ್ನು ಉಳಿಸಿರೆಂದು ಕೇಳಲಿಲ್ಲ.

ಪುಸ್ತಕವೆಲ್ಲ ಕನ್ನಡದಲ್ಲಿತ್ತು, ಅಂಕಿಗಳೂ ಕನ್ನಡದವೇ. ನಮ್ಮ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ೧೯೫೬ರವರೆಗೆ ಗುಲ್ಬರ್ಗಾ ಜಿಲ್ಲೆಯವೆಂಬುದು ಹಿರಿಯ ವಾಚಕರಿಗೆ ತಿಳಿದ ಸಂಗತಿ. ಗಡಿ ಸರಿದ ಮೇಲೂ ಮಿತ್ರರು ಸೇಡಂನ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಓದಿದವರು. ಮಗ ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ನಡುವೆ ತೆಲುಗು. ಮನೆಯಲ್ಲಿ ಕನ್ನಡ ಮಾತನಾಡುತ್ತಾನೆ, ಅಕ್ಷರ ಬಾರದು. ಹೀಗಾಗಿ ವಿಚಿತ್ರವಾದೊಂದು ಜೋಡಿ ಕೂಡಿತು. ಅವನಿಗೆ ಯಂತ್ರ ಗೊತ್ತು, ಪುಸ್ತಕ ತಿಳಿಯದು. ನನಗೆ ಪುಸ್ತಕ ಓದಲು ಬರುತ್ತದೆ, ಯಂತ್ರ ತಿಳಿಯದು. ಗುಜರಿಯವನಿಗೆ ಎರಡು ವಾರ ತಡೆಯಲು ಹೇಳಿ ಕಳುಹಿಸಿದೆವು.

ಮೊದಲ ಪುಟ ತೆರೆದಾಗಲೇ ಕಷ್ಟ ಎದುರಾಯಿತು. ಮಿತ್ರರು ಅಂಗಡಿಯ ಹೆಸರುಗಳನ್ನು ಬರೆದೇ ಇರಲಿಲ್ಲ. "ಬುಟ್ಟಿ ದೊಡ್ಡದು ಹಾಕಿದೆ. ಬಿಲ್ಲೆ ಒಂದು ಜಾಸ್ತಿ. ಸಲಾಕೆ ಸರಿ ಇದೆ, ಗುಂಡು ಹೊಸದು. ಒಳ ಚೈನು ೩ ಸೂತು ಜೋಡಿ, ಹೊರ ಚೈನು ೫ ಸೂತು." ನಾನು ಗಟ್ಟಿಯಾಗಿ ಓದಿದೆ, ಹುಡುಗ ನನ್ನ ಮುಖ ನೋಡಿದ.

ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ ಸೂತ್ರಗಳಲ್ಲಿ ಒಂದು, ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು. ಆದುದರಿಂದ ಪುಸ್ತಕವನ್ನು ಬದಿಗಿಟ್ಟು ಗಾಡಿಯಲ್ಲಿ ಕಣ್ಣಿಗೆ ಕಾಣುವುದರಿಂದ ಪ್ರಾರಂಭಿಸೋಣವೆಂದೆ. ಗೇರಿನ ಕಾಲುಪಟ್ಟಿ ಬಲಕ್ಕಿದೆ. ಮೇಲಕ್ಕೆತ್ತಿದರೆ ಒಂದನೆಯ ಗೇರು. ಉಳಿದ ಮೂರು ಕೆಳಕ್ಕೆ. ಅದರ ಹಿಂದೆ ಹಿಮ್ಮಡಿಯಿಂದ ಒತ್ತುವ ಇನ್ನೊಂದು ಚಿಕ್ಕ ಪಟ್ಟಿ. ಅದನ್ನು ಒತ್ತಿದರೆ ಮೇಲಿನ ಗೇರಿನಿಂದ ನೇರವಾಗಿ ನ್ಯೂಟ್ರಲ್. ಗೇರ್ ಪೆಟ್ಟಿಗೆ ಎಂಜಿನ್ನಿನ ಬೆನ್ನಿಗೆ ಬೋಲ್ಟು ಹಾಕಿ ನಿಲ್ಲಿಸಿದ ಪ್ರತ್ಯೇಕ ಪೆಟ್ಟಿಗೆ. ಇಷ್ಟರಿಂದಲೇ ಇದು ಬರ್ಮಿಂಗ್‌ಹ್ಯಾಮಿನ ಆಲ್ಬಿಯನ್ ಮಾದರಿಯ ನಾಲ್ಕು ಗೇರಿನ ಪೆಟ್ಟಿಗೆಯೆಂದು ಹುಡುಗ ಹೇಳಿದ. ಇಂಗ್ಲೆಂಡಿನ ರೆಡಿಚ್ ಊರಿನ ಈ ಬುಲೆಟ್ಟನ್ನು ೧೯೫೫ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆ ದಶಕಗಟ್ಟಲೆ ಹೆಚ್ಚು ಬದಲಾವಣೆಯಿಲ್ಲದೆ ತಯಾರಿಸುತ್ತ ಬಂದಿತು. ಒಂದು ವರ್ಷದ ಭಾಗ ಇನ್ನೊಂದು ವರ್ಷದ ಗಾಡಿಗೆ ಕೂಡುವುದು ಆ ಕಾರಣದಿಂದಲೇ. ಟ್ಯಾಂಕಿನ ಮೇಲಿನ ಹೆಸರು ಒಳಗಿನದನ್ನು ಹೇಳದಿರುವುದಕ್ಕೂ ಅದೇ ಕಾರಣ. ನಮ್ಮ ಮೈಸೂರಿನ ಜಾವಾ ಮತ್ತು ಯೆಜ್ದಿ ಗಾಡಿಗಳಾದರೆ ಇಷ್ಟು ತೊಡಕಿಲ್ಲ. ಅವುಗಳಲ್ಲಿ ಎಂಜಿನ್, ಗೇರು ಎರಡೂ ಒಂದೇ ಪೆಟ್ಟಿಗೆಯೊಳಗೆ. ಕಿಕ್ ಹೊಡೆಯುವ ಪಟ್ಟಿಯೇ ಗೇರಿನ ಪಟ್ಟಿಯೂ ಹೌದು. ನಾನು ಯೌವನದಲ್ಲಿ ಓಡಿಸಿದ್ದು ಯೆಜ್ದಿಯನ್ನೇ. ಇರಲಿ, ಅದು ಬೇರೆ ಕಥೆ.

'ಸೂತು' ಎಂಬ ಮಾತು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಹುಡುಗನ ಅಳತೆಯೆಲ್ಲ ಮಿಲಿಮೀಟರಿನಲ್ಲಿ. ತಾಂಡೂರಿನ ವೃದ್ಧ ಉಸ್ತಾದರೊಬ್ಬರಿಗೆ ಫೋನು ಮಾಡಿದಾಗ ಅವರು ನಕ್ಕು, ಇಂಚಿಗೆ ಎಂಟು ಸೂತು ಎಂದರು. ಬಡಗಿಗಳೂ ಲೋಹದ ಕೆಲಸದವರೂ ಬಳಸುತ್ತಿದ್ದ ಹಳೆಯ ಅಳತೆಯದು. ಹಾಗಾದರೆ ೩ ಸೂತೆಂದರೆ ಇಂಚಿನ ಎಂಟನೆಯ ಮೂರು ಭಾಗ, ಅಂದರೆ ೯.೫ ಮಿ.ಮೀ.ಗೆ ತುಸು ಹೆಚ್ಚು. ೫ ಸೂತೆಂದರೆ ಸುಮಾರು ೧೫.೯ ಮಿ.ಮೀ. ಚೈನಿನ ಒಂದು ಗಂಟಿನಿಂದ ಪಕ್ಕದ ಗಂಟಿನವರೆಗಿನ ಅಂತರವದು. ಒಂದೊಂದನ್ನೇ ಅಳೆದರೆ ತಪ್ಪುತ್ತದೆಯೆಂದು ಹತ್ತು ಗಂಟುಗಳನ್ನು ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿದೆವು. ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಜೋಡಿಸಾಲಿನ ಚೈನೂ, ಹಿಂದಿನ ಗಾಲಿಗೆ ಹೋಗುವ ಚೈನೂ ಪುಸ್ತಕದ ಮಾತಿಗೆ ಸರಿಹೊಂದಿದವು. ಹಿಂದಿನದು ಮಾತ್ರ ಎಳೆದು ತುಸು ಉದ್ದವಾಗಿತ್ತು.

ಮುಂದಿನ ಸಾಲು ನನ್ನನ್ನೇ ಪರೀಕ್ಷೆಗೆ ಒಡ್ಡಿತು. "ಕಲಬುರ್ಗಿ ದಾರಿಗೆ, ಮುಂದಿನ ಹಲ್ಲು ೧೯ ತೆಗೆದು ೧೮ ಹಾಕಿದೆ" ಎಂದು ಓದಿದೆ. ಹುಡುಗ ಒಪ್ಪಲಿಲ್ಲ. ದೂರದ ದಾರಿಗೆ ಎಂಜಿನ್ ಕೂಗದಿರಲೆಂದು ಹಲ್ಲು ಹೆಚ್ಚಿಸುತ್ತಾರೆಯೇ ಹೊರತು ಕಡಿಮೆ ಮಾಡುವುದಿಲ್ಲವೆಂದ. ಗೇರ್ ಪೆಟ್ಟಿಗೆಯ ಆ ಹಲ್ಲುಚಕ್ರ ಕ್ಲಚ್ಚಿನ ಹಿಂದೆ ಅಡಗಿರುವುದರಿಂದ ಕಣ್ಣಿಗೆ ಕಾಣದು. ಕಾಣದ ವಸ್ತುವನ್ನು ಲೆಕ್ಕದಿಂದ ಕಾಣಬಹುದೆಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು. ಈಗ ಮಾಡಿ ತೋರಿಸಬೇಕಾಯಿತು.

ಎಡಬದಿಯ ಮುಚ್ಚಳ ತೆಗೆದು ಹಲ್ಲುಗಳನ್ನು ಸೀಮೆಸುಣ್ಣದಿಂದ ಗುರುತಿಸಿ ಎಣಿಸಿದೆವು. ಎಂಜಿನ್ನಿನ ಚಕ್ರಕ್ಕೆ ೨೫, ಕ್ಲಚ್ಚಿನ ಚಕ್ರಕ್ಕೆ ೫೬, ಹಿಂದಿನ ಗಾಲಿಗೆ ೩೮. ಸ್ಪಾರ್ಕ್ ಪ್ಲಗ್ ಬಿಚ್ಚಿ, ನಾಲ್ಕನೆಯ ಗೇರಿನಲ್ಲಿಟ್ಟು, ಹಿಂದಿನ ಗಾಲಿಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿದಾಗ ಎಂಜಿನ್ ೪೭ ಸುತ್ತಿನ ಮೇಲೆ ತುಸು ತಿರುಗಿತು. ನಾಲ್ಕನೆಯ ಗೇರಿನಲ್ಲಿ ಪೆಟ್ಟಿಗೆಯೊಳಗೆ ವೇಗ ಬದಲಾಗುವುದಿಲ್ಲ, ಒಂದಕ್ಕೊಂದು. ಆದುದರಿಂದ ೫೬ನ್ನು ೨೫ರಿಂದ ಭಾಗಿಸಿ, ೩೮ರಿಂದ ಗುಣಿಸಿ, ಕಾಣದ ಚಕ್ರದ ಹಲ್ಲಿನಿಂದ ಭಾಗಿಸಿದರೆ ಗಾಲಿಯ ಒಂದು ಸುತ್ತಿಗೆ ಎಂಜಿನ್ನಿನ ಸುತ್ತೆಷ್ಟೆಂದು ಬರಬೇಕು. ೧೬ ಹಲ್ಲಿದ್ದರೆ ೫.೩೨; ೧೮ ಇದ್ದರೆ ೪.೭೩, ೧೯ ಇದ್ದರೆ ೪.೪೮. ಹಾಕಿರುವುದು ೧೮ ಎಂಬುದು ನಿಶ್ಚಯವಾಯಿತು. ತೆಗೆದಿದ್ದು? ಹುಡುಗ ಎದ್ದುಹೋಗಿ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದ್ದ ತುಕ್ಕು ಹಿಡಿದ ಚಕ್ರವೊಂದನ್ನು ತಂದು ನನ್ನ ಕೈಗಿತ್ತ. ಎಣಿಸಿದೆ. ೧೬. ಮಿತ್ರರ ಆರನ್ನು ನಾನು ಒಂಬತ್ತೆಂದು ಓದಿದ್ದೆ. ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ೬ನ್ನೂ ೯ನ್ನೂ ತಿದ್ದಿಸಿದ ಮಾಸ್ತರನಿಗೆ ಇದು ತಕ್ಕ ಶಾಸ್ತಿಯೇ ಸರಿ.

ಈ ಎರಡು ಹಲ್ಲುಗಳಲ್ಲೇ ಕ್ಲಚ್ಚಿನ ಗುಟ್ಟೂ ಅಡಗಿತ್ತು. ಹಲ್ಲು ಹದಿನಾರರಿಂದ ಹದಿನೆಂಟಕ್ಕೆ ಏರಿದರೆ ಗಾಲಿಗೆ ಸಿಗುವ ಎಳೆತ ಒಂಬತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಗಾಡಿ ಹೊರಡುವಾಗ ಕ್ಲಚ್ ಹೆಚ್ಚು ದುಡಿಯಬೇಕಾಗುತ್ತದೆ. ಅದಕ್ಕೇ ಮಿತ್ರರು "ಬುಟ್ಟಿ ದೊಡ್ಡದು" ಹಾಕಿದ್ದು. ಬುಟ್ಟಿಯೆಂದರೆ ಕ್ಲಚ್ಚಿನ ಹೊರಡ್ರಮ್ಮು. ಅದರೊಳಗೆ ಹಿಡಿತದ ಬಿಲ್ಲೆಯೊಂದು, ಉಕ್ಕಿನ ತಗಡೊಂದು, ಮತ್ತೆ ಬಿಲ್ಲೆ, ಮತ್ತೆ ತಗಡು, ಹೀಗೆ ಹಪ್ಪಳ ಅಡುಕಿದಂತೆ ಇರುತ್ತವೆ. ಮೇಲಿನಿಂದ ಸ್ಪ್ರಿಂಗುಗಳು ಅದುಮಿ ಹಿಡಿದಿರುತ್ತವೆ. ಕೈಯ ಲಿವರ್ ಒತ್ತಿದಾಗ ಗೇರ್ ಪೆಟ್ಟಿಗೆಯ ಟೊಳ್ಳು ದಂಡದೊಳಗಿನ 'ಸಲಾಕೆ' ಅವನ್ನು ಸಡಿಲಿಸುತ್ತದೆ. ಅದರ ಜೊತೆಗಿರುವ ಉಕ್ಕಿನ ಗೋಲಿಯೇ 'ಗುಂಡು'. ಬಿಲ್ಲೆ ಹೆಚ್ಚಿದಷ್ಟೂ ಉಜ್ಜುವ ಮುಖ ಹೆಚ್ಚು, ಹಿಡಿತವೂ ಹೆಚ್ಚು.

ಅಂಗಡಿಯ ಕಟ್ಟಿನಲ್ಲಿ ಬಂದದ್ದು ವಾಡಿಕೆಯ ಸಂಖ್ಯೆ. ದೊಡ್ಡ ಬುಟ್ಟಿಗೆ ಅದು ಸಾಲದು. ಅಡುಕು ತೆಳುವಾದಾಗ ಸ್ಪ್ರಿಂಗುಗಳು ಪೂರ್ತಿ ಅದುಮಿಕೊಳ್ಳುವುದಿಲ್ಲ, ಬಿಲ್ಲೆಗಳು ಜಾರುತ್ತವೆ. ಆದರೆ ಪುಸ್ತಕದ ಮಾತನ್ನೇ ನಂಬಿ ಮೂರನೆಯ ಸಲ ಹಣ ಸುರಿಯಲು ಹುಡುಗನಿಗೆ ಧೈರ್ಯವಿರಲಿಲ್ಲ. ಹಳೆಯ ಬಿಲ್ಲೆಗಳನ್ನು ಎಣಿಸದೆಯೇ ಎಸೆದುಬಿಟ್ಟಿದ್ದ. ಆಗ ಅವನಿಗೇ ಒಂದು ಉಪಾಯ ಹೊಳೆಯಿತು. ಬುಟ್ಟಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದ. ಬಿಲ್ಲೆಗಳ ಅಂಚಿನ ನಾಲಗೆಗಳು ಕೂರುವ ಸೀಳುಗಳಲ್ಲಿ, ವರ್ಷಗಟ್ಟಲೆ ಬಡಿದು ಬಡಿದು ಬಿದ್ದ ಕಚ್ಚುಗಳು ಕಾಣಿಸಿದವು. ಒಂದು ಬಿಲ್ಲೆಗೆ ಒಂದು ಕಚ್ಚು. ಎಣಿಸಿದ, ಮತ್ತೆ ಎಣಿಸಿದ. ತಾನು ಹಾಕಿದ ಬಿಲ್ಲೆಗಳಿಗಿಂತ ಒಂದು ಹೆಚ್ಚು. "ಅಪ್ಪ ಖರೇನೇ ಬರದಾನ್ರಿ ಕಾಕಾ" ಎಂದ. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ.

ಒಂದೇ ಒಂದು ಬಿಲ್ಲೆ, ಒಂದೇ ಒಂದು ತಗಡು ತರಿಸಿದೆವು. ಎರಡನೆಯ ಭಾನುವಾರದ ಸಂಜೆ ಗಾಡಿ ತಾಯಿಯನ್ನು ಹಿಂದೆ ಕೂರಿಸಿಕೊಂಡು ಕೊಡಂಗಲ್ ರಸ್ತೆಯಲ್ಲಿ ಹೋಗಿ ಬಂದಿತು. ಇಳಿಯುವಾಗ ಆಕೆ ಸೀಟನ್ನು ಸೆರಗಿನಿಂದ ಒರೆಸಿದರು.

ಹುಡುಗ ಈಗ ವಾರಕ್ಕೆ ಮೂರು ಸಂಜೆ ನಮ್ಮ ಮನೆಗೆ ಬರುತ್ತಿದ್ದಾನೆ. ಒತ್ತಕ್ಷರ ಇನ್ನೂ ಕೈಗೆ ಹತ್ತಿಲ್ಲವಾಗಿ ಪುಸ್ತಕದ ಕೊನೆಯ ಪುಟದಲ್ಲಿ 'ಕಲಚು' ಎಂದು ಬರೆದು, ತಾರೀಖು ಹಾಕಿ, ಬಿಲ್ಲೆಯ ಬೆಲೆ ನಮೂದಿಸಿದ್ದಾನೆ.

ಒಂದು ಪದ ಮಾತ್ರ ಉಳಿದಿದೆ. ಗೇರಿನ ಭಾಗಗಳ ಪಟ್ಟಿಯಲ್ಲಿ 'ಗಿಣಿಮೂಗು' ಎಂದಿದ್ದುದು, ಕಾಲುಪಟ್ಟಿಯ ಹಿಂದೆ ಹಲ್ಲನ್ನು ಕಚ್ಚಿ ತಳ್ಳುವ ಕೊಕ್ಕೆಯೆಂದು ಮುಚ್ಚಳ ಬಿಚ್ಚಿದಾಗ ತಾನಾಗಿ ತಿಳಿಯಿತು. ಆದರೆ ಅದರ ಕೆಳಗೆಯೇ "ಅತ್ತೆಬಳೆ ೨, ತಾಂಡೂರಿನಿಂದ ತಂದದ್ದು" ಎಂದಿದೆ. ಉಸ್ತಾದರಿಗೂ ತಿಳಿಯದು; ಹುಡುಗನ ತಾಯಿಯನ್ನು ಕೇಳಿದರೆ ನಗುತ್ತಾರೆಯೇ ಹೊರತು ಹೇಳುವುದಿಲ್ಲ. ಜಹೀರಾಬಾದ್, ನಾರಾಯಣಖೇಡ ಕಡೆಯ ವಾಚಕರಲ್ಲಿ ಹಳೆಯ ಕಾರ್ಖಾನೆಯ ಮಾತು ಬಲ್ಲವರಿದ್ದರೆ ದಯಮಾಡಿ ಒಂದು ಕಾರ್ಡು ಬರೆಯಬೇಕಾಗಿ ವಿನಂತಿ.