ಅಡಮಾನಕ್ಕೆ ಒಂದು ಬೆಲೆ, ಹೆಂಡತಿ ಬಿಡುವಾಗ ಇನ್ನೊಂದು ಬೆಲೆ!

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆ ಹಳೆಯದಾಯಿತು. ಈಗ ಅದು ಚಾಮರಾಜನಗರದ ಕೋರ್ಟಿನ ತನಕ. ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿಯಾಗಿದ್ದ ಉಮ್ಮತ್ತೂರಿನಿಂದಲೂ ಬಸ್ಸು ಹತ್ತಿ ವಕೀಲರ ಬಾಗಿಲಿಗೆ ಹೋಗುವ ಸಂಸಾರಗಳಿವೆ. ಕೂಡಿ ಬಾಳಲಾಗದವರು ಬಿಡಿಸಿಕೊಳ್ಳಲಿ, ತಪ್ಪಿಲ್ಲ. ಇಬ್ಬರೂ ಒಪ್ಪಿ ಬಿಡುವುದಕ್ಕೆ 1976ರಲ್ಲೇ ಕಾನೂನು ದಾರಿ ಮಾಡಿದೆ. ಆದರೆ ಇರುವ ಮನೆಗೆ ಬೆಲೆ ಕಟ್ಟುವವರು ಯಾರು?

ಸಾಮಾನ್ಯವಾಗಿ ಮೊದಲು ಜಗಲಿ ಮೇಲೆ ಯಜಮಾನರು ಸೇರುತ್ತಾರೆ. ‘ಏನ್ ಮಹಾ ಮನೆ ಬುಡಿ ಯಜಮಾನ್ರೆ, ಹಳೇ ಹೆಂಚು, ಸೋರೋ ಸೂರು’ ಎಂದು ಗಂಡಿನ ಕಡೆಯವರು ರಾಗ ಎಳೆಯುತ್ತಾರೆ. ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಅದೇ ಬಾಯಿ ‘ರಸ್ತೆ ಪಕ್ಕದ ಮನೆ ಸಾರ್, ಮುಂದೆ ಅಂಗಡಿ ಹಾಕಬಹುದು’ ಅನ್ನುತ್ತದೆ. ಮನೆ ಒಂದೇ, ಬೆಲೆ ಎರಡು!

ಕೆಲವರು ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಹಿಡಿದು ಬರುತ್ತಾರೆ. ಅದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಇರುವುದು. 2023ರ ಅಕ್ಟೋಬರ್ 1ರಿಂದ ಸರ್ಕಾರ ಅದನ್ನು ಏರಿಸಿದ್ದರೂ ಅದೇ ಪೇಟೆ ಬೆಲೆಯಲ್ಲ. ಪಂಚಾಯ್ತಿಯ ಇ-ಸ್ವತ್ತು ಕಾಗದವೂ ಮನೆ ಯಾರ ಹೆಸರಲ್ಲಿದೆ, ಉದ್ದಗಲ ಎಷ್ಟು ಎನ್ನುತ್ತದೆಯೇ ಹೊರತು ಎಷ್ಟಕ್ಕೆ ಹೋಗುತ್ತದೆ ಎನ್ನುವುದಿಲ್ಲ.

‘ಬಿಟ್ರೆ ಅರ್ಧ ಮನೆ ಹೆಂಡ್ತಿಗೆ’ ಎಂಬ ಮಾತೂ ಬಸ್ಸಿನಲ್ಲಿ ಕೇಳುತ್ತದೆ. ನಮ್ಮ ಕಾನೂನಿನಲ್ಲಿ ಹಾಗಿಲ್ಲ. ಮಾವನ ಸ್ವಂತ ಮನೆಯಾದರೆ ಅದು ಗಂಡನದೂ ಅಲ್ಲ. ಹಾಗಾದರೆ ಬೆಲೆ ಯಾಕೆ? ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಂತೆ ಜೀವನಾಂಶ ಗೊತ್ತುಮಾಡುವಾಗ ಕೋರ್ಟು ಇಬ್ಬರ ವರಮಾನ, ಆಸ್ತಿ ಎರಡನ್ನೂ ನೋಡುತ್ತದೆ. ಬೇಕಾದರೆ ಆ ಹಣಕ್ಕೆ ಮನೆಯನ್ನೇ ಭದ್ರತೆ ಮಾಡಬಹುದು. ಇಬ್ಬರೂ ಆಸ್ತಿ, ಸಾಲದ ಪಟ್ಟಿಯನ್ನು ಪ್ರಮಾಣ ಮಾಡಿ ಕೊಡಬೇಕೆಂದು 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮನೆಯ ಬೆಲೆ ಇಳಿಸಿದರೆ ಹೆಂಗಸಿನ ಅನ್ನ ಇಳಿಸಿದಂತೆ.

ಆದ್ದರಿಂದ ಬೆಲೆ ಜಗಲಿಯಲ್ಲಿ ಬೇಡ. ಬೆಲೆ ಕಟ್ಟುವ ನೋಂದಾಯಿತ ಎಂಜಿನಿಯರ್ ಬರಲಿ, ಇಬ್ಬರ ಎದುರೂ ಟೇಪು ಹಿಡಿಯಲಿ. ಜಾಗಕ್ಕೊಂದು ಬೆಲೆ, ಕಟ್ಟಡಕ್ಕೊಂದು ಬೆಲೆ ಬರೆಯಲಿ. ಕಟ್ಟಡದ ಸವಕಳಿ ಕಳೆಯಲಿ. ಮನೆ ಮೇಲಿನ ಸಾಲವೂ ಲೆಕ್ಕಕ್ಕೆ ಬರಲಿ. ಒಪ್ಪದವರು ಕಮೀಷನರ್ ನೇಮಕಕ್ಕೆ ಕೋರ್ಟನ್ನು ಕೇಳಬಹುದು. ಪೇಟೆ ಬೆಲೆ ತಿಳಿಯಲು ಕಮೀಷನರ್ ಕಳಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ಒಡವೆ ಗಿರವಿ ಇಟ್ಟು ತಾರಸಿ ಹಾಕಿಸಿದ ಹೆಂಗಸು ಆ ಚೀಟಿಯನ್ನು ಜೋಪಾನವಾಗಿಡಲಿ.

ಅರ್ಧ ಕೆ.ಜಿ. ಬೇಳೆ ತೂಗುವ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು. ಒಂದು ಸಂಸಾರವನ್ನೇ ತೂಗುವ ತಕ್ಕಡಿಗೆ ಬೇಡವೆ?